ಪರೀಕ್ಷಾ ವರದಿಯೆಲ್ಲ ಹಸಿರಾಗಿದ್ದರೆ ಸಾಕೇ?

ಪ್ರಶ್ನೆ: ವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶವನ್ನು ರೂಪಿಸುವ ತಂಡಕ್ಕೆ ಈಚೆಗೆ ಸೇರಿದ್ದೇನೆ. ಕೋಡ್ ಓದಿ ತಾನೇ ಪರೀಕ್ಷೆಗಳನ್ನು ರಚಿಸುವ ಟೂಲ್ ಒಂದು ನಮ್ಮಲ್ಲಿದೆ. ಅದರಿಂದ ಶೇ 100 ಕವರೇಜ್ (ಪರೀಕ್ಷೆಗಳು ಕೋಡ್‌ನ ಎಷ್ಟು ಭಾಗವನ್ನು ಮುಟ್ಟಿದವು ಎಂಬ ಅಳತೆ) ಬಂದರೆ ಪರೀಕ್ಷೆ ಮುಗಿದಂತೆಯೇ? ಆ ಟೂಲ್‌ಗೂ ಪ್ರತ್ಯೇಕ ಅರ್ಹತೆ (ಅದನ್ನು ನೆಚ್ಚಬಹುದೆಂಬ ದೃಢೀಕರಣ) ಬೇಕೇ?

ಉತ್ತರ: ಮುಗಿದಂತಲ್ಲ. ನಾಗರಿಕ ವಿಮಾನಗಳ ತಂತ್ರಾಂಶಕ್ಕೆ ಅನ್ವಯಿಸುವ, 2011ರಲ್ಲಿ ಪ್ರಕಟವಾದ ಡಿಒ-178ಸಿ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಗಳು ಹುಟ್ಟಬೇಕಾದುದು ತಂತ್ರಾಂಶ ಏನು ಮಾಡಬೇಕೆಂದು ಬರೆದಿಟ್ಟ ರಿಕ್ವೈರ್‌ಮೆಂಟ್‌ಗಳಿಂದ, ಕೋಡ್‌ನಿಂದಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಿ. ಚಕ್ರಗಳ ಮೇಲೆ ಭಾರ ಬಿದ್ದಿದ್ದು, ಅದರೊಂದಿಗೆ ಚಕ್ರದ ವೇಗ ನಿಗದಿತ ಮಿತಿಯನ್ನು ದಾಟಿದ್ದರೆ ಅಥವಾ ನೆಲದಿಂದ ಎತ್ತರವನ್ನು ಅಳೆಯುವ ರೇಡಿಯೊ ಆಲ್ಟಿಮೀಟರ್ 10 ಅಡಿಗಿಂತ ಕಡಿಮೆ ತೋರಿಸುತ್ತಿದ್ದರೆ ಮಾತ್ರ ಇಳಿದ ವಿಮಾನದ ವೇಗ ತಗ್ಗಿಸಲು ಎಂಜಿನ್‌ನ ಒತ್ತಡವನ್ನು ಮುಂದಕ್ಕೆ ತಿರುಗಿಸುವ ಥ್ರಸ್ಟ್ ರಿವರ್ಸರ್ ತೆರೆಯಬಹುದು ಎಂಬುದು ರಿಕ್ವೈರ್‌ಮೆಂಟ್ ಎನ್ನೋಣ. ಕೋಡ್ ಬರೆದವರು 10ರ ಬದಲು 100 ಎಂದು ಬರೆದಿದ್ದರೆ, ಕೋಡನ್ನೇ ನಂಬುವ ಟೂಲ್ ನಿರೀಕ್ಷಿತ ಫಲಿತಾಂಶವನ್ನೂ 100ರ ಲೆಕ್ಕದಲ್ಲೇ ಹಾಕಿಕೊಂಡು, ತಪ್ಪನ್ನು ತಪ್ಪಿನಿಂದಲೇ ಅಳೆದು, ಎಲ್ಲವೂ ಸರಿಯಿದೆ ಎಂದು ವರದಿ ಕೊಡುತ್ತದೆ.

ಕವರೇಜ್ ಅಳೆಯುವುದು ಪರೀಕ್ಷೆಯ ವ್ಯಾಪ್ತಿಯನ್ನು, ತಂತ್ರಾಂಶದ ಗುಣವನ್ನಲ್ಲ. ವೈಫಲ್ಯವು ದುರಂತಕ್ಕೆ ಕಾರಣವಾಗಬಲ್ಲ ‘ಎ’ ಹಂತದ ತಂತ್ರಾಂಶಕ್ಕೆ ಎಂಸಿಡಿಸಿ ಎಂಬ ಅಳತೆ ಕಡ್ಡಾಯ: ನಿರ್ಧಾರವೊಂದರಲ್ಲಿರುವ ಪ್ರತಿ ಷರತ್ತೂ ಸ್ವತಂತ್ರವಾಗಿ ಆ ನಿರ್ಧಾರವನ್ನು ಬದಲಿಸಬಲ್ಲದೆಂದು ತೋರಿಸಬೇಕು. ಮೇಲಿನ ಮೂರು ಷರತ್ತುಗಳಿಗೆ ಎಂಟು ಸಂಯೋಜನೆಗಳಿದ್ದರೂ ನಾಲ್ಕು ಪರೀಕ್ಷೆಗಳು ಸಾಕಾಗುತ್ತವೆ. ರಿಕ್ವೈರ್‌ಮೆಂಟ್ ಆಧರಿಸಿದ ಪರೀಕ್ಷೆಗಳನ್ನು ನಡೆಸಿದ ಮೇಲೂ ಕೋಡ್‌ನ ಯಾವುದಾದರೂ ಭಾಗ ಮುಟ್ಟದೆ ಉಳಿದರೆ, ಅದನ್ನು ಮುಟ್ಟಲೆಂದೇ ಪರೀಕ್ಷೆಯೊಂದನ್ನು ಹೊಸೆಯುವ ಆಸೆ ಹುಟ್ಟುವುದು ಸಹಜ. ಆದರೆ ಪರೀಕ್ಷೆ ಬಿಟ್ಟುಹೋಗಿದೆಯೇ, ರಿಕ್ವೈರ್‌ಮೆಂಟೇ ಬರೆಯದೆ ಉಳಿದಿದೆಯೇ ಅಥವಾ ಅದು ಯಾರಿಗೂ ಬೇಡವಾದ ಸತ್ತ ಕೋಡೇ ಎಂದು ಮೊದಲು ಹುಡುಕಬೇಕು. ಆ ಹುಡುಕಾಟವನ್ನು ಟೂಲ್‌ಗೆ ಒಪ್ಪಿಸುವುದು ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎಂದರೆ ತುಸು ಕಟುವಾದೀತು, ಆದರೂ ನನ್ನ ಅಭಿಪ್ರಾಯ ಅದೇ.

ಕವರೇಜ್‌ಗೆ ಕಾಣದ ದೋಷಗಳೂ ಇವೆ. ಬೋಯಿಂಗ್ 787 ವಿಮಾನಕ್ಕೆ ಸತತ 248 ದಿನ ವಿದ್ಯುತ್ ಪೂರೈಕೆಯಾದರೆ, ಜನರೇಟರ್ ನಿಯಂತ್ರಣ ಘಟಕಗಳ ತಂತ್ರಾಂಶದಲ್ಲಿನ ಎಣಿಕೆಯೊಂದು ತುಂಬಿ ಹರಿದು, ಅವು ಫೇಲ್‌ಸೇಫ್ ಸ್ಥಿತಿಗೆ (ಅಪಾಯ ತಪ್ಪಿಸಲು ತಾವೇ ಕೆಲಸ ನಿಲ್ಲಿಸುವ ಸ್ಥಿತಿಗೆ) ಜಾರುತ್ತವೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2015ರಲ್ಲಿ ಎಚ್ಚರಿಸಿತ್ತು. ಎಣಿಕೆಯನ್ನು ಒಂದೊಂದಾಗಿ ಏರಿಸುವ ಸಾಲನ್ನು ಮೊದಲ ಸೆಕೆಂಡಿನ ಪರೀಕ್ಷೆಯೇ ‘ಮುಟ್ಟಿ’ರುತ್ತದೆ, ಅದರ ಕೊನೆಯ ಮೌಲ್ಯವನ್ನು ತಲುಪಲು ಮಾತ್ರ ಬೇಕೆಂದೇ ಗಡಿಯ ಹತ್ತಿರದಿಂದ ಆರಂಭಿಸುವ ಪರೀಕ್ಷೆಯಾಗಲಿ, ಕೋಡನ್ನು ಓಡಿಸದೆಯೇ ಮೌಲ್ಯಗಳ ವ್ಯಾಪ್ತಿಯನ್ನು ಲೆಕ್ಕಹಾಕುವ ಸ್ಟ್ಯಾಟಿಕ್ ಅನಾಲಿಸಿಸ್ ಆಗಲಿ ಬೇಕು.

ಇನ್ನು ಟೂಲ್‌ನ ಅರ್ಹತೆ. ಅದರ ಫಲಿತಾಂಶವನ್ನು ಬೇರೆ ಯಾರೂ ಪರಿಶೀಲಿಸದೆ, ಮಾರ್ಗಸೂಚಿ ಕೇಳುವ ಕೆಲಸವೊಂದನ್ನು ಕೈಬಿಡಲು, ಕಡಿಮೆ ಮಾಡಲು ಅಥವಾ ಸ್ವಯಂಚಾಲಿತಗೊಳಿಸಲು ಅದನ್ನು ನೆಚ್ಚುವುದಾದರೆ ಅರ್ಹತೆ ಬೇಕು. ಅದನ್ನು ಪಡೆಯುವ ವಿಧಾನವನ್ನು ಡಿಒ-330 ಎಂಬ ಜೊತೆ ದಾಖಲೆ ವಿವರಿಸುತ್ತದೆ. ದೋಷವನ್ನು ಕಾಣದೆ ಬಿಡಬಹುದಾದ, ಆದರೆ ವಿಮಾನದೊಳಗಿನ ಕೋಡ್‌ಗೆ ದೋಷವನ್ನು ಸೇರಿಸಲಾರದ ಪರೀಕ್ಷಾ ಟೂಲ್‌ಗೆ ಸಾಮಾನ್ಯವಾಗಿ ಟೂಲ್ ಅರ್ಹತೆಯ ಐದು ಹಂತಗಳಲ್ಲಿ ಅತ್ಯಂತ ಹಗುರವಾದ ಟಿಕ್ಯೂಎಲ್-5 ಸಾಕು. ಮಾರಾಟಗಾರರು ‘ಅರ್ಹತೆ ಪಡೆದ ಟೂಲ್’ ಎಂದು ಹೇಳಿದರೂ, ಅರ್ಹತೆಯು ನಿಮ್ಮ ಯೋಜನೆಯ ನಿರ್ದಿಷ್ಟ ಬಳಕೆಗೆ ಮಾತ್ರ ಸಲ್ಲುತ್ತದೆ; ಅವರು ಕೊಡುವುದು ಅದಕ್ಕೆ ಬೇಕಾದ ದಾಖಲೆಗಳ ಕಟ್ಟನ್ನಷ್ಟೇ.

ಹಾಗೆಂದು ನಿಮ್ಮ ಟೂಲನ್ನು ಬದಿಗಿಡಬೇಕಿಲ್ಲ. ಅದು ಸೂಚಿಸುವ ಇನ್‌ಪುಟ್‌ಗಳನ್ನು ಇಟ್ಟುಕೊಳ್ಳಿ, ನಿರೀಕ್ಷಿತ ಫಲಿತಾಂಶದ ಕಾಲಮನ್ನು ಅಳಿಸಿಹಾಕಿ, ಕೋಡ್ ನೋಡಿರದ ಸಹೋದ್ಯೋಗಿಯೊಬ್ಬರು ರಿಕ್ವೈರ್‌ಮೆಂಟ್ ಓದಿ ಅದನ್ನು ತುಂಬಲಿ.