ಒಂಬತ್ತೇ ನಡೆಗೆ ಮೇಟ್: ಮಗನಿಗೆ ಏನು ಹೇಳಿಕೊಡಲಿ?

ಪ್ರಶ್ನೆ: ಮಗ ಆರನೇ ಕ್ಲಾಸು. ತುಮಕೂರಿನಲ್ಲಿ ನಡೆದ ಮಕ್ಕಳ ಚೆಸ್ ಟೂರ್ನಿಯಲ್ಲಿ ಕಪ್ಪು ಕಾಯಿ ಆಡಿ ಒಂಬತ್ತೇ ನಡೆಗೆ ಸೋತ. ಎದುರಿನ ಹುಡುಗ ಕುದುರೆಯನ್ನೇ ಬಲಿ ಕೊಟ್ಟನಂತೆ. ಸ್ಕೋರ್‌ಶೀಟ್ ಕಳಿಸಿದ್ದೇನೆ. ಓಪನಿಂಗ್‌ಗಳನ್ನು, ಅಂದರೆ ಆಟದ ಮೊದಲ ನಡೆಗಳನ್ನು, ಬಾಯಿಪಾಠ ಮಾಡಿಸಬೇಕಾ?
– ಒಬ್ಬ ತಾಯಿ, ತುಮಕೂರು

ಉತ್ತರ: ಬಾಯಿಪಾಠ ಬೇಡ ಮೇಡಂ. ಶೀಟ್ ನೋಡಿದೆ. ಇದಕ್ಕೆ ಫ್ರೈಡ್ ಲಿವರ್ ಅಟ್ಯಾಕ್ ಅಂತಾರೆ. ಇಟಲಿಯ ಚೆಸ್ ಆಟಗಾರ ಪೊಲೇರಿಯೊ ಕಾಲದ್ದು, ಅಂದರೆ 1600ರ ಆಸುಪಾಸಿನದು. ಮಕ್ಕಳ ಟೂರ್ನಿಗಳಲ್ಲಿ ಇವತ್ತಿಗೂ ಪಾಯಿಂಟ್ ತಂದುಕೊಡುತ್ತದೆ.

ಬಿಳಿಯ ಬಿಷಪ್ (ಒಂಟೆ) ಸಿ4ರಲ್ಲಿ, ಕುದುರೆ ಜಿ5ರಲ್ಲಿ (ಇವು ಹಲಗೆಯ ಮನೆಗಳ ಹೆಸರು: ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ ಇಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8). ಎರಡರ ಕಣ್ಣೂ ಎಫ್7 ಮೇಲೆ. ಆ ಮನೆಗೆ ರಾಜನೊಬ್ಬನೇ ಕಾವಲು. ಮಗ ಪಾನ್ ಅನ್ನು, ಅಂದರೆ ಕಾಲಾಳನ್ನು, ಡಿ5ಕ್ಕೆ ತಳ್ಳಿ ಬಿಷಪ್‌ಗೆ ಅಡ್ಡ ಹಾಕಿದ್ದು ಸರಿಯಾಗಿಯೇ ಇದೆ. ಬಿಳಿ ಅದನ್ನು ಹೊಡೆದಾಗ ಕುದುರೆಯಿಂದ ತಿರುಗಿ ಹೊಡೆದನಲ್ಲ, ಎಡವಟ್ಟು ಅಲ್ಲೇ. ಬಿಳಿ ಕುದುರೆ ಎಫ್7ಕ್ಕೆ ನುಗ್ಗಿತು, ರಾಜ ಹೊಡೆದ, ರಾಣಿ ಎಫ್3ಕ್ಕೆ ಬಂದು ಚೆಕ್. ಅದೇ ನಡೆಯಲ್ಲಿ ಡಿ5ರ ಕುದುರೆಗೂ ಏಟು.

ಇಲ್ಲಿ ರಾಜನನ್ನು ಇ6ಕ್ಕೆ, ನಡುಬೀದಿಗೇ ತರಬೇಕು. ಆಗ ಮಾತ್ರ ಕುದುರೆ ಉಳಿಯುತ್ತದೆ. ರಾಜನನ್ನು ಮೂಲೆಗೆ ಸೇರಿಸು ಅಂತ ಕಲಿತ ಮಗು ಹಾಗೆ ಆಡುವುದು ಕಷ್ಟ, ಅಲ್ವಾ? ಇವನೂ ಜಿ8ಕ್ಕೆ ಓಡಿದ. ಬಿಳಿ ಬಿಷಪ್ ಕುದುರೆಯನ್ನು ಹೊಡೆದು ಚೆಕ್ ಕೊಟ್ಟಿತು. ಮಗ ತನ್ನ ಬಿಷಪ್ ಅನ್ನು ಇ6ರಲ್ಲಿ ಅಡ್ಡ ಇಟ್ಟ, ಅದನ್ನೂ ಹೊಡೆದು ಮೇಟ್. ರಾಜನ ಒಂದು ಪಕ್ಕ ತನ್ನದೇ ಆನೆ, ಇನ್ನೊಂದು ಪಕ್ಕ ತನ್ನದೇ ಬಿಷಪ್. ಓಡಲು ಜಾಗವೇ ಇರಲಿಲ್ಲ.

ಕಲಿಸಬೇಕಾದ ನಡೆ ಒಂದೇ. ಐದನೇ ನಡೆಯಲ್ಲಿ ಡಿ5 ಹೊಡೆಯದೆ, ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಬಿಷಪ್ ಮೇಲೆ ಬೀಳಲಿ. ಬಿಷಪ್ ಬಿ5ಕ್ಕೆ ಹೋಗಿ ಚೆಕ್ ಕೊಟ್ಟರೆ ಪಾನ್ ಸಿ6ಕ್ಕೆ. ಒಂದು ಪಾನ್ ಕೈಬಿಡುತ್ತದೆ, ಹೋಗಲಿ. ಬಿಳಿಯ ಬಿಷಪ್ಪೂ ಕುದುರೆಯೂ ಹಿಂದೆ ಸರಿಯುವಷ್ಟರಲ್ಲಿ ಇವನ ಕಾಯಿಗಳು ಹೊರಗೆ ಬಂದಿರುತ್ತವೆ. ಅಷ್ಟೂ ತಲೆನೋವು ಬೇಡವೆಂದರೆ ಮೂರನೇ ನಡೆಯಲ್ಲೇ ಕುದುರೆ ಬದಲು ಬಿಷಪ್ ಅನ್ನು ಸಿ5ಕ್ಕೆ ತರಲಿ. ಆಗ ಜಿ5ಕ್ಕೆ ಬಂದ ಕುದುರೆಯನ್ನು ರಾಣಿ ಸುಮ್ನೆ ಹೊಡೆದುಕೊಳ್ಳಬಹುದು.

ಯೂಟ್ಯೂಬ್ ನೋಡಿ ಟ್ರಾಕ್ಸ್‌ಲರ್ ಎಂಬ ಎದುರುದಾಳಿ ಆಡ್ತೀನಿ ಅಂತ ಹಠ ಹಿಡಿದರೆ ಸದ್ಯಕ್ಕೆ ಬೇಡ ಅನ್ನಿ. 1890ರಲ್ಲಿ ಜೆಕ್ ಪಾದ್ರಿಯೊಬ್ಬ ಎಫ್7 ಹೊಡೆಸಿಕೊಂಡೇ ತಿರುಗಿಬಿದ್ದು ಗೆದ್ದ ಆಟ ಅದು. ನೋಡಲು ಮಜಾ, ಆಡಲು ಇನ್ನೂ ಎರಡು ವರ್ಷ ಕಾಯಲಿ.