ಅಕ್ಕೋರನ್ನು ಕೇಳಿ: ಗಾಜಿನ ಬಳೆಯೂ ಹತ್ತು ತೊಲೆ ಬಂಗಾರವೂ

ಪ್ರಶ್ನೆ: ಅಕ್ಕೋರೇ, ನನಗೆ ಮದುವೆಯಾಗಿ 8 ತಿಂಗಳು. ಅತ್ತೆ ಈಚೆಗೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಗಾಜಿನ ಬಳೆ, ಮಲ್ಲಿಗೆ ಹೂವು, ಬಾಗಿಲ ಮುಂದಿನ ರಂಗೋಲಿ ಎಲ್ಲವೂ ‘ಲೋಕದ್ದು’, ಬಿಡಬೇಕು ಅನ್ನುತ್ತಾರೆ. ನಾಗರ ಪಂಚಮಿಗೆ ಪಕ್ಕದ ಮನೆಯವರು ಕೊಟ್ಟ ಶೇಂಗಾ ಉಂಡಿಯನ್ನು ಕಸದ ಬುಟ್ಟಿಗೆ ಹಾಕಿದರು. ಕೇಳಿದರೆ ಬೈಬಲ್ಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 12:2 ತೆಗೆದು, ಇಹಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಅನ್ನುವ ಮಾತು ತೋರಿಸುತ್ತಾರೆ. ಆದರೆ ಮದುವೆಯಲ್ಲಿ ನನ್ನ ಅಪ್ಪ 10 ತೊಲೆ ಬಂಗಾರ, ಒಂದು ಬೈಕ್ ಕೊಟ್ಟಿದ್ದಾರೆ. ಸಾಲ ಇನ್ನೂ ತೀರಿಲ್ಲ. ‘ಅದು ಲೋಕದ್ದಲ್ವಾ?’ ಅಂದೆ. ‘ಅದು ಎಲ್ಲರೂ ಮಾಡೋದೇ’ ಅಂದರು. ನಾನು ಏನನ್ನು ಬಿಡಲಿ?
– ಒಬ್ಬ ಸೊಸೆ, ಹುಬ್ಬಳ್ಳಿ

ಉತ್ತರ: ತಂಗಿ, ‘ಎಲ್ಲರೂ ಮಾಡೋದೇ’ ಅಂದರಲ್ಲ, ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆ ಪತ್ರ ಬರೆದ ಅಪೊಸ್ತಲ ಪೌಲ ಬೇಡ ಅಂದದ್ದು ಅದನ್ನೇ.

ನಾನು ಚಿಕ್ಕವಳಿದ್ದಾಗ ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರು ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುತ್ತಿದ್ದರು. ಕಟ್ಟಿಗೆಯ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಬಿಸಿ ಪಾಕ ಹೊಯ್ಯುತ್ತಿದ್ದರು. ಬಿಚ್ಚಿದರೆ ಆನೆ. ಇನ್ನೊಂದು ಬಿಚ್ಚಿದರೆ ಕುದುರೆ. ನನಗೆ ಆನೆಯೇ ಬೇಕು ಅಂತ ಹಟ ಮಾಡಿ ಅಳುತ್ತಿದ್ದೆ. ತಿಂದಾಗ ಎರಡೂ ಒಂದೇ ರುಚಿ. ಬಳೆ ತೆಗೆದದ್ದು, ಹೂವು ಬಿಟ್ಟದ್ದು ಅಷ್ಟೇ. ಆನೆ ಹೋಗಿ ಕುದುರೆ ಬಂತು. ಸಕ್ಕರೆ ಅದೇ.

ನಮ್ಮ ಹಳೆಯ ಕನ್ನಡ ಬೈಬಲ್ಲಿನಲ್ಲಿ ಆ ವಚನ ‘ಪರಲೋಕಭಾವದವರಾಗಿರಿ’ ಅನ್ನುತ್ತದೆ. ಕೇಳಲು ಚೆಂದ. ಆದರೆ ಮಂಗಳೂರಿನ ಬಲ್ಮಠದಲ್ಲಿ ದೈವಶಾಸ್ತ್ರ ಓದಿದ ನಮ್ಮ ಯಜಮಾನರು ಒಂದು ಮಾತು ಹೇಳುತ್ತಿದ್ದರು. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ರೂಪವೇ ಬದಲಾಗುವ ಮಾತು. ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾಯಿತು ಎನ್ನುವ ಮತ್ತಾಯ 17ರಲ್ಲೂ ಅದೇ ಪದ. ಅದೂ ‘ನಿಮ್ಮನ್ನು ನೀವೇ ಬದಲಿಸಿಕೊಳ್ಳಿ’ ಅಂತಲ್ಲ. ಬದಲಾಗಲು ಬಿಡಿ, ಬದಲಾಗುತ್ತಲೇ ಇರಿ ಅನ್ನುವ ಧಾಟಿ. ಒಂದು ಭಾನುವಾರ ಬಳೆ ಕಳಚಿಟ್ಟರೆ ಮುಗಿಯುವ ಕೆಲಸವಲ್ಲ.

ಎರಡನೇ ವಚನಕ್ಕೇ ನಿಲ್ಲಬೇಡ, ಮುಂದೆ ಓದು. ಮೂರನೆಯದರಲ್ಲೇ ಪೌಲ ಏನು ಹೇಳುತ್ತಾನೆ? ನಿಮ್ಮ ಬಗ್ಗೆ ಅಳತೆ ಮೀರಿ ದೊಡ್ಡದಾಗಿ ಎಣಿಸಬೇಡಿ ಅಂತ. ಹದಿಮೂರರಲ್ಲಿ ಅತಿಥಿಸತ್ಕಾರ. ಹದಿನಾರರಲ್ಲಿ ದೀನರೊಂದಿಗೆ ಸೇರಿ ಬಾಳಿ ಅಂತ. ಆ ಅಧ್ಯಾಯದಲ್ಲಿ ಬಟ್ಟೆಯ ಮಾತಿಲ್ಲ, ಏನು ತಿನ್ನಬೇಕು ಏನು ಬಿಡಬೇಕು ಅನ್ನುವ ಮಾತಿಲ್ಲ. ಆ ವಿಷಯ ಬರುವುದು 14ನೇ ಅಧ್ಯಾಯದಲ್ಲಿ. ಅಲ್ಲಿ ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಅನ್ನುತ್ತಾನೆ.

ಗಾಜಿನ ಬಳೆ ಲೋಕದ್ದು ಅನ್ನುವವರು ಮದುಮಗಳಿಗೆ ಬಿಳಿ ಗೌನು ತೊಡಿಸುತ್ತಾರೆ. ಅದು ಯಾವ ಸುವಾರ್ತೆಯಲ್ಲಿದೆ? 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಉಡುಪಿನಲ್ಲಿ ಮದುವೆಯಾದ ಮೇಲೆ ಹಬ್ಬಿದ ಫ್ಯಾಷನ್ ಅದು. ನಾವು ಕ್ರಿಸ್ಮಸ್ಸಿಗೆ ಕರಿಯುವ ಕರ್ಚಿಕಾಯಿಯೂ ಪಕ್ಕದ ಮನೆಯ ದೀಪಾವಳಿ ಕರ್ಚಿಕಾಯಿಯೂ ಒಂದೇ ಕೊಬ್ಬರಿಯದು. ಗೌನೂ ಇರಲಿ, ಕರ್ಚಿಕಾಯಿಯೂ ಇರಲಿ, ನನ್ನ ತಕರಾರಿಲ್ಲ.

ತಕರಾರು ಇರುವುದು ಕಣ್ಣಿಗೆ ಬೀಳದ್ದರ ಬಗ್ಗೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಕ್ರೈಸ್ತ ಸಭೆಯೊಳಗೆ ಜಾತಿಗೆ ಜಾಗವಿಲ್ಲ ಅಂತ ಪಟ್ಟು ಹಿಡಿದಿದ್ದರು. ಇವತ್ತು ವಧು-ವರ ಜಾಹೀರಾತು ನೋಡು. ‘ಕ್ರೈಸ್ತ’ ಅಂದ ಮೇಲೆ ಮೆಲ್ಲಗೆ ಮುತ್ತಜ್ಜನ ಜಾತಿ ಸೇರಿಸಿರುತ್ತಾರೆ. (ನಮ್ಮ ಪತ್ರಿಕೆಗೂ ಬರುತ್ತವೆ. ಸಂಪಾದಕರು ಈ ಸಾಲಿಗೆ ಕತ್ತರಿ ಹಾಕದಿದ್ದರೆ ಸಂತೋಷ.)

ವರದಕ್ಷಿಣೆಯ ವಿಷಯದಲ್ಲಿ ನಾನೂ ಸಾಚಾ ಅಲ್ಲ. 2003ರಲ್ಲಿ ಮಗನ ಮದುವೆ. ‘ನಾವು ಏನೂ ಕೇಳಿಲ್ಲ’ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಬೀಗರು ಫ್ರಿಜ್ ಕಳಿಸಿದರು. ‘ಅಯ್ಯೋ, ಯಾಕೆ, ಬೇಡ ಬೇಡ’ ಅಂದೆ. ಆದರೆ ಹಿಂದಿನ ದಿನವೇ ಅಡುಗೆಮನೆ ಮೂಲೆಯನ್ನು ಟೇಪು ಹಿಡಿದು ಅಳೆದಿದ್ದೆ. ಅಲ್ಲಿದ್ದ ಅಕ್ಕಿ ಡಬ್ಬ ಸರಿಸಿಯೂ ಆಗಿತ್ತು. ಅದೇ ವಾರ ಮಹಿಳಾ ಸಂಘದಲ್ಲಿ ನಿನ್ನ ಅತ್ತೆ ತೋರಿಸುವ ಇದೇ ವಚನದ ಮೇಲೆ ಅರ್ಧ ಗಂಟೆ ಮಾತಾಡಿದ್ದೆ. ವರ್ಷದ ಮೇಲೆ ಸೊಸೆಯ ಟ್ರಂಕಿನಲ್ಲಿ ಸೀರೆ ಹುಡುಕುವಾಗ ಫ್ರಿಜ್ಜಿನ ಕಂತಿನ ಚೀಟಿ ಸಿಕ್ಕಿತು. ಅವಳಪ್ಪ ಇನ್ನೂ ಕಟ್ಟುತ್ತಲೇ ಇದ್ದರು. ಯಜಮಾನರು ‘ಉಳಿದದ್ದನ್ನು ನಾವು ಕಟ್ಟೋಣ’ ಅಂದರು. ನನಗೆ ಎಷ್ಟು ಸಿಟ್ಟು ಬಂತು ಅಂದರೆ ನಾಲ್ಕು ದಿನ ಮಾತು ಬಿಟ್ಟೆ. ಐದನೇ ದಿನ ನಾನೇ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದೆ. ಬಳೆ ತೆಗೆಯುವುದು ಇದಕ್ಕಿಂತ ಎಷ್ಟೋ ಸುಲಭವಿತ್ತು, ತಂಗಿ.

ಈಗ ನಿನ್ನ ವಿಷಯ. ಬಳೆ ಹಾಕಿಕೋ. ಹೂವು ಮುಡಿ. ಉಂಡಿ ಕೊಟ್ಟರೆ ತಗೋ, ತಿನ್ನು, ತಟ್ಟೆ ಖಾಲಿ ವಾಪಸ್ ಕಳಿಸಬೇಡ. ರಂಗೋಲಿ ಮಾತ್ರ ಸದ್ಯಕ್ಕೆ ಬಿಡು. ಅದು ಅತ್ತೆಯ ಬಾಗಿಲು, ಅವರಿಗೆ ಅದು ನಿಜವಾಗಿಯೂ ಚುಚ್ಚುತ್ತಿದ್ದರೆ ನೀನು ಸೋತರೆ ತಪ್ಪಿಲ್ಲ. ಬಂಗಾರದ ಮಾತನ್ನು ಅತ್ತೆ ಹತ್ತಿರ ಎತ್ತಬೇಡ, ಗಂಡನ ಹತ್ತಿರ ಎತ್ತು. ಬೈಕ್ ಓಡಿಸುವವನು ಅವನೇ ಅಲ್ವಾ? ಅಪ್ಪನ ಸಾಲ ಎಷ್ಟಿದೆ, ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ ಇಬ್ಬರೂ ಕಾಗದದ ಮೇಲೆ ಬರೆಯಿರಿ. 1961ರ ಕಾಯ್ದೆ ಪ್ರಕಾರ ವರದಕ್ಷಿಣೆ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ನಿನಗೊಬ್ಬಳು ತಂಗಿ ಇದ್ದರೆ ಅಪ್ಪನಿಗೆ ಇದನ್ನು ಈಗಲೇ ಹೇಳು.

ಪ್ರಶ್ನೆ: ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತೇನೆ. ಆಯುಧ ಪೂಜೆ ದಿನ ರಜೆ ಹಾಕಿ ತಪ್ಪಿಸಿಕೊಳ್ಳಲೇ?
– ಒಬ್ಬ ಯುವಕ, ಬೆಂಗಳೂರು

ಉತ್ತರ: ಬೇಡಪ್ಪ. ಮಾಲೀಕರಿಗೆ ಒಂದು ವಾರ ಮೊದಲೇ ಹೇಳು: ಆರತಿ ಎತ್ತೋದು ನನ್ನಿಂದ ಆಗಲ್ಲ ಅಣ್ಣಾ, ಬಾಕಿ ಕೆಲಸಕ್ಕೆಲ್ಲ ಇರ್ತೀನಿ ಅಂತ. ಸ್ಪ್ಯಾನರ್ ತೊಳೆ, ಗಾಡಿ ಒರೆಸು. ಸಂಜೆ ಒಡೆದ ಬೂದುಗುಂಬಳಕಾಯಿ ಚೂರುಗಳನ್ನು ರಸ್ತೆಯಿಂದ ಗುಡಿಸಲು ಯಾರೂ ಮುಂದೆ ಬರುವುದಿಲ್ಲ, ಆ ಪೊರಕೆ ನೀನು ಹಿಡಿ. ಕತ್ತಲಲ್ಲಿ ಬೈಕ್‌ಗಳು ಜಾರುತ್ತವೆ.