ಆಟದೊಳಗಿನ ಹುಡುಗಿ, ಆಟ ಆಡುವ ಹುಡುಗಿ

ಪತ್ರ: ಸೇಡಂನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮಗ ಒಂಬತ್ತನೇ ಕ್ಲಾಸ್, ಮಗಳು ಪಿಯುಸಿ. ಇಬ್ಬರೂ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಾರೆ. ಅದರಲ್ಲಿ ಗಂಡಸರಿಗೆ ಮೈತುಂಬ ಬಟ್ಟೆ, ಎಷ್ಟೋ ಹೆಂಗಸರಿಗೆ ಅರ್ಧಂಬರ್ಧ. ಇಂಥದ್ದು ತೊಟ್ಟು ಯಾರಾದರೂ ಯುದ್ಧಕ್ಕೆ ಹೋಗುತ್ತಾರಾ? ಇನ್ನೊಂದು ಮಾತು. ಮಗಳು ಆಟದಲ್ಲಿ ಹುಡುಗನ ಹೆಸರು ಇಟ್ಟುಕೊಂಡಿದ್ದಾಳೆ. ಯಾಕೆ ಅಂದರೆ, "ಹುಡುಗಿ ಅಂತ ಗೊತ್ತಾದ್ರ ಆಡಲಿಕ್ಕ ಬಿಡಂಗಿಲ್ಲ" ಅನ್ನುತ್ತಾಳೆ. ಅವಳ ಆಟ ಬಿಡಿಸಲಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಶರಣು ಅಕ್ಕಾವರೆ.

ಬಿಡಿಸಬೇಡಿ. ಆಡುವ ಹೊತ್ತು ಜಾಸ್ತಿ ಆಯಿತು ಅನ್ನಿಸಿದರೆ ಇಬ್ಬರಿಗೂ ಒಂದೇ ಲೆಕ್ಕ ಇಡಿ. ಯಾರೋ ಬೈಯುತ್ತಾರೆ ಅಂತ ಇವಳ ಫೋನ್ ಕಸಿದುಕೊಂಡರೆ ಬೈದವರಿಗೆ ಬೇಕಾದದ್ದೇ ಆಗುತ್ತದೆ.

ಮೊದಲು ಬಟ್ಟೆಯ ಮಾತು. ಅದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಮೊಬೈಲ್ ಆಟಗಳು ಇಳಿಸಿಕೊಳ್ಳಲು ಪುಕ್ಕಟೆ. ಕಂಪನಿಗೆ ದುಡ್ಡು ಬರುವುದು ಹೆಚ್ಚಾಗಿ ಆಟದೊಳಗೆ ಮಾರುವ ಬಟ್ಟೆಬರೆಯಿಂದ, ಬಂದೂಕಿನ ಬಣ್ಣದಿಂದ. ಮಕ್ಕಳು ಅದನ್ನು 'ಸ್ಕಿನ್' ಅನ್ನುತ್ತಾರೆ. ಅಂದರೆ ಅದೂ ಒಂದು ಬಟ್ಟೆ ಅಂಗಡಿಯೇ. ಬರುವ ಗಿರಾಕಿ ಹುಡುಗನೇ ಅಂತ ಅಂಗಡಿಯವನು ಮೊದಲೇ ತೀರ್ಮಾನಿಸಿದ್ದಾನೆ. ಹೀಗಾಗಿ ಹೆಣ್ಣಿನ ಬಟ್ಟೆಯ ಅಳತೆಯನ್ನೂ ಹುಡುಗನ ಕಣ್ಣಿನಿಂದಲೇ ತೆಗೆಯುತ್ತಾನೆ.

ಇದು ಇವತ್ತು ನಿನ್ನೆಯದಲ್ಲ. 1981ರ 'ಡಾಂಕಿ ಕಾಂಗ್' ಆಟದಲ್ಲಿ ಒಂದು ಗೊರಿಲ್ಲಾ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತದೆ. ಮೇಲೆ ನಿಂತು ಕೂಗುವುದಷ್ಟೇ ಅವಳ ಕೆಲಸ. 1985ರ 'ಸೂಪರ್ ಮಾರಿಯೋ'ದಲ್ಲಿ ಅದೇ ಕೆಲಸಕ್ಕೆ ರಾಜಕುಮಾರಿ ಬಂದಳು. 1986ರ 'ಮೆಟ್ರಾಯ್ಡ್' ಇನ್ನೂ ಸ್ವಾರಸ್ಯದ್ದು. ಆಟವಿಡೀ ಉಕ್ಕಿನ ಕವಚ ತೊಟ್ಟು ಹೋರಾಡುವವನು ಗಂಡಸು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಬೇಗ ಗೆದ್ದರೆ ಕೊನೆಯಲ್ಲಿ ಕವಚ ಕಳಚುತ್ತದೆ, ಒಳಗಿದ್ದದ್ದು ಹೆಣ್ಣು! ಆ ಕಾಲಕ್ಕೆ ಭಾರಿ ಧೈರ್ಯ. ಆದರೆ ಇನ್ನೂ ಬೇಗ ಗೆದ್ದರೆ ಅವಳ ಮೈಮೇಲೆ ಇನ್ನೂ ಕಡಿಮೆ ಬಟ್ಟೆ. ಅಷ್ಟು ಹೊತ್ತು ವೀರಳಾಗಿದ್ದವಳನ್ನು ಕೊನೆಗೆ ಆಡಿದವನ ಬಹುಮಾನ ಮಾಡಿಟ್ಟರು.

1996ರಲ್ಲಿ 'ಟೂಂಬ್ ರೈಡರ್'ನ ಲಾರಾ ಕ್ರಾಫ್ಟ್ ಬಂದಳು. ಓದಿದವಳು, ಹಳೆಯ ಗೋರಿಗಳನ್ನು ಒಬ್ಬಳೇ ಹುಡುಕುವವಳು. ಆದರೂ ಜಾಹೀರಾತುಗಳಲ್ಲಿ ಅವಳ ಮೈಮಾಟದ್ದೇ ಮಾತು. 2013ರಲ್ಲಿ ಅವಳ ಕಥೆಯನ್ನು ಹೊಸದಾಗಿ ಕಟ್ಟಿದಾಗ ಮುಖ್ಯ ಬರಹಗಾರ್ತಿ ರಿಯಾನಾ ಪ್ರ್ಯಾಚೆಟ್. ಆ ಲಾರಾಗೆ ಚಡ್ಡಿ ಹೋಗಿ ಪ್ಯಾಂಟ್ ಬಂತು. ಮೈಗೆ ಕೆಸರು ಮೆತ್ತುತ್ತದೆ, ಗಾಯವಾದರೆ ನೋಯುತ್ತದೆ, ಹೆದರಿಕೆಯೂ ಆಗುತ್ತದೆ. ಇಷ್ಟಾದರೂ ಮರುವರ್ಷವೇ ಇನ್ನೊಂದು ದೊಡ್ಡ ಕಂಪನಿ, ಯೂಬಿಸಾಫ್ಟ್, ತನ್ನ 'ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ'ಯಲ್ಲಿ ನಾಲ್ವರು ಸೇರಿ ಆಡುವಾಗ ಹೆಣ್ಣು ಪಾತ್ರವೇ ಇಲ್ಲದ್ದಕ್ಕೆ ಏನು ಹೇಳಿತು ಗೊತ್ತಾ? ಹೆಣ್ಣಿಗೆ ನಡಿಗೆ, ಓಟ, ಬಟ್ಟೆ ಎಲ್ಲ ಬೇರೆ ಮಾಡಬೇಕು, ಕೆಲಸ ಎರಡರಷ್ಟಾಗುತ್ತದೆ ಅಂತ. ಅಲ್ಲೇ ಹಿಂದೆ ಕೆಲಸ ಮಾಡಿದ್ದ ಅನಿಮೇಟರ್ ಒಬ್ಬರು, ಅದು ಒಂದೆರಡು ದಿನದ ಕೆಲಸ ಅಂದುಬಿಟ್ಟರು.

ಹಾಗಾಗಿ ನಾವು ಬಟ್ಟೆಯ ಉದ್ದ ಅಳೆಯುವುದಕ್ಕಿಂತ ಬೇರೆ ಪ್ರಶ್ನೆ ಕೇಳುತ್ತೇವೆ. ಆ ಹೆಣ್ಣಿಗೆ ಕಥೆಯಲ್ಲಿ ಕೆಲಸ ಏನು? ಅವಳು ಏನಾದರೂ ತೀರ್ಮಾನ ಮಾಡುತ್ತಾಳಾ? ಪುಣೆಯ ಸಣ್ಣ ಕಂಪನಿಯೊಂದು 2020ರಲ್ಲಿ 'ರಾಜಿ' ಅನ್ನೋ ಆಟ ತಂದಿತು. ತಮ್ಮ ಗೋಲುವನ್ನು ರಾಕ್ಷಸರು ಹೊತ್ತೊಯ್ಯುತ್ತಾರೆ. ಸರ್ಕಸ್ಸಿನ ಹುಡುಗಿ ರಾಜಿ ಬಿಡಿಸಿಕೊಂಡು ಬರಲು ಹೊರಡುತ್ತಾಳೆ. ಹಳೆಯ ಕಥೆಯೇ, ಹೋಗುವವಳು ಮಾತ್ರ ಅಕ್ಕ. ನಮ್ಮ ಕಡೆಯವರು ಯಾರಾದರೂ ಆಟ ಮಾಡುವುದಾದರೆ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನನ್ನು ತರಲಿ ಅಂತ ನಮ್ಮ ಆಸೆ. ಗಂಡ ದಿನಕ್ಕಿಂತ ಜಾಸ್ತಿ ಅಕ್ಕಿ ತಂದರೆ ಹೋಗಿ ಅಲ್ಲೇ ಸುರಿದು ಬಾ ಅಂದವಳು ಅವಳು. ಕಂಡದ್ದನ್ನೆಲ್ಲ ಬಾಚಿಕೊಂಡವನೇ ಗೆಲ್ಲುವ ಈ ಆಟಗಳ ನಡುವೆ, ವಾಪಸ್ ಇಟ್ಟರೆ ಪಾಯಿಂಟ್ ಸಿಗುವ ಒಂದು ಆಟ! ಇರಲಿ, ವಿಷಯ ಬೇರೆ ಕಡೆ ಹೋಯಿತು.

ನಿಮ್ಮ ಪತ್ರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಗಳ ಮಾತು. ನಾಲ್ಕು ಜನರ ಸ್ಕ್ವಾಡ್ ಆಟದಲ್ಲಿ ಬಂದೂಕಿನಷ್ಟೇ ಮುಖ್ಯ ಮೈಕ್. ಎದುರಾಳಿ ಯಾವ ಮನೆಯಲ್ಲಿದ್ದಾನೆ, ಯಾರಿಗೆ ಗುಂಡು ಬಿತ್ತು, ಯಾವ ಕಡೆ ಓಡಬೇಕು ಅಂತ ಕೂಗಿ ಹೇಳುವುದೇ ಅರ್ಧ ಆಟ. ಹುಡುಗಿ ಮೈಕ್ ಆನ್ ಮಾಡಿದರೆ ಒಬ್ಬ ಕೆಟ್ಟ ಮಾತು ಆಡುತ್ತಾನೆ, ಇನ್ನೊಬ್ಬ ನಂಬರ್ ಕೇಳುತ್ತಾನೆ, ಮತ್ತೊಬ್ಬ ಬೇಕಂತಲೇ ಬಿಟ್ಟು ಹೋಗುತ್ತಾನೆ. ಅದಕ್ಕೆ ಅವಳು ಮೈಕ್ ಆಫ್ ಮಾಡುತ್ತಾಳೆ. ಮಾತಿಲ್ಲದೆ ಆಡಿದ್ದಕ್ಕೆ ಬೇಗ ಸಾಯುತ್ತಾಳೆ. ಆಮೇಲೆ ಅದೇ ಹುಡುಗರು, ಹುಡುಗಿಯರಿಗೆ ಆಟ ಬರಲ್ಲ ಅನ್ನುತ್ತಾರೆ. ಕಲಬುರಗಿಯಲ್ಲಿ ಸಂಜೆ ಚಹಾ ಅಂಗಡಿ ಮುಂದೆ ಹುಡುಗರು ಒಟ್ಟಿಗೆ ಕೂತು ಗದ್ದಲ ಹಾಕಿಕೊಂಡು ಆಡುತ್ತಾರೆ. ನಿಮ್ಮ ಮಗಳಿಗೆ ಆ ಕಟ್ಟೆಯೂ ಇಲ್ಲ, ಮೈಕೂ ಇಲ್ಲ.

ಬಾಯಿ ಬಿಟ್ಟವರಿಗೆ ಏನಾಯಿತು ಅನ್ನುವುದಕ್ಕೆ ಅನೀಟಾ ಸಾರ್ಕೀಸಿಯನ್ ಸಾಕ್ಷಿ. ಆಟಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಅಂತ ವಿಡಿಯೋ ಸರಣಿ ಮಾಡಲು 2012ರಲ್ಲಿ ಅವರು ಜನರಿಂದ ಚಂದಾ ಎತ್ತಿದರು. ಕ್ಲಿಕ್ ಮಾಡಿದಂತೆ ಅವರ ಮುಖಕ್ಕೆ ಏಟು ಬೀಳುವ ಒಂದು ಆಟವನ್ನೇ ಯಾರೋ ಮಾಡಿಬಿಟ್ಟರು. 2014ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರ ಭಾಷಣ ಇತ್ತು. ಗುಂಡು ಹಾರಿಸುತ್ತೇವೆ ಅಂತ ಬೆದರಿಕೆ ಬಂತು. ಅಲ್ಲಿನ ಕಾನೂನಿನ ಪ್ರಕಾರ, ಲೈಸೆನ್ಸ್ ಇದ್ದವರು ಬಂದೂಕು ಇಟ್ಟುಕೊಂಡು ಸಭೆಗೆ ಬರುವುದನ್ನು ತಡೆಯುವಂತಿರಲಿಲ್ಲ. ಭಾಷಣ ರದ್ದಾಯಿತು. ಅಕ್ಕಾವರೆ, ಅವರು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ನೀವು ನಮಗೆ ಬರೆದದ್ದನ್ನೇ.

ಹಾಗಂತ ದಾರಿ ಮುಚ್ಚಿಲ್ಲ. ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಪಾಯಲ್ ಧಾರೆ ತಮ್ಮ ಸ್ವಂತ ಹೆಸರಿನಲ್ಲೇ, ಮೈಕ್ ಆನ್ ಇಟ್ಟುಕೊಂಡೇ ಆಡಿ ಲಕ್ಷಾಂತರ ಜನ ನೋಡುವಂತೆ ಮಾಡಿದರು. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಭೇಟಿಯಾದ ಗೇಮರ್‌ಗಳಲ್ಲಿ ಅವರೂ ಒಬ್ಬರು. ಆದರೆ ಎಲ್ಲ ಹುಡುಗಿಯರೂ ಅಷ್ಟು ಗಟ್ಟಿ ಇರಬೇಕು ಅಂತ ಕೇಳುವುದು ಅನ್ಯಾಯ. ಸುಮ್ನೆ ಅರ್ಧ ಗಂಟೆ ಆಡಿ ಎದ್ದು ಹೋಗುವ ಹುಡುಗಿಗೂ ಜಾಗ ಬೇಕು, ಅಲ್ವಾ?

ಈಗ ಮಾಡುವಂಥದ್ದು. ಹುಡುಗನ ಹೆಸರು ತೆಗೆ ಅಂತ ಒತ್ತಾಯ ಮಾಡಬೇಡಿ, ಅದು ಅವಳ ಇಷ್ಟ. ಗುರುತಿಲ್ಲದವರ ಜೊತೆ ಆಡುವ ಬದಲು ಗೆಳತಿಯರದ್ದೇ ಒಂದು ಸ್ಕ್ವಾಡ್ ಕಟ್ಟಿಕೊಳ್ಳಲಿ. ಆಗ ಮೈಕ್ ತಾನಾಗೇ ಆನ್ ಆಗುತ್ತದೆ. ಬೈದವರನ್ನು ಮ್ಯೂಟ್ ಮಾಡಿ ರಿಪೋರ್ಟ್ ಮಾಡಲು ಆಟದಲ್ಲೇ ಬಟನ್ ಇರುತ್ತದೆ. ಫೋಟೋ ಕೇಳಿದರೆ, ಬೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಿ. ಹೋದ ಮೇಲೆ ಆಟ ಬಿಡಿಸುತ್ತಾರೆ ಅನ್ನೋ ಹೆದರಿಕೆ ಇದ್ದರೆ ಅವಳು ನಿಮಗೆ ಹೇಳುವುದೇ ಇಲ್ಲ. ಆದ್ದರಿಂದ ಬಿಡಿಸಲ್ಲ ಅಂತ ಮೊದಲೇ ಮಾತು ಕೊಟ್ಟಿರಿ.

ಕೊನೆಗೆ, ನೀವು ಮಗಳ ಬಗ್ಗೆ ಅಷ್ಟು ಬರೆದಿರಿ, ಮಗನ ಬಗ್ಗೆ ಒಂದೇ ಸಾಲು. ಅವನನ್ನು ಕೂರಿಸಿಕೊಂಡು ಕೇಳಿ: ನಿನ್ನ ಸ್ಕ್ವಾಡಿನಲ್ಲಿ ಹುಡುಗಿ ದನಿ ಕೇಳಿದರೆ ನಿನ್ನ ಗೆಳೆಯರು ಏನಂತಾರೆ? ಆಗ ನೀನು ಏನಂತೀಯಾ? ಅವನು ಏನು ಹೇಳಿದ ಅಂತ ನಮಗೂ ಬರೆಯಿರಿ.